ನ್ಯಾಪ್ಲಾನ್ ರಿಪೋರ್ಟ್ ಬಂತು, ಈಗೇನು ಮಾಡೋದು?

ಮೆಲ್ಬರ್ನ್‌ನ ಒಂದು ಪ್ರೈಮರಿ ಶಾಲೆಯಲ್ಲಿ ನಾನು ಟೀಚರ್. ಭಾನುವಾರ ನಮ್ಮ ಮಕ್ಕಳಿಗೆ ಕನ್ನಡ ಹೇಳಿಕೊಡುತ್ತೇನೆ. ಹಾಗಾಗಿ ನ್ಯಾಪ್ಲಾನ್, ಅಂದರೆ ಇಲ್ಲಿನ ಶಾಲಾ ಮಕ್ಕಳ ರಾಷ್ಟ್ರೀಯ ಪರೀಕ್ಷೆಯ ರಿಪೋರ್ಟ್ ಮನೆಗೆ ಬಂದ ಕೂಡಲೇ ಕನ್ನಡದ ಅಪ್ಪ ಅಮ್ಮಂದಿರು ಅದನ್ನು ಹಿಡಿದು ನನ್ನ ಹತ್ತಿರ ಬರುತ್ತಾರೆ. ಮೊದಲು ಕೇಳುವುದು ಹೆಚ್ಚಾಗಿ ಒಂದೇ: "ಮೇಡಂ, ಇದರಲ್ಲಿ ಮಾರ್ಕ್ಸ್ ಎಲ್ಲಿದೆ?"

ನೂರಕ್ಕೆ ಇಷ್ಟು ಅಂತ ಅದರಲ್ಲಿ ಇರುವುದಿಲ್ಲ. ರ‍್ಯಾಂಕೂ ಇಲ್ಲ. ಊರಲ್ಲಿ ಮಾರ್ಕ್ಸ್ ಕಾರ್ಡ್ ನೋಡಿಕೊಂಡೇ ಬೆಳೆದ ನಮಗೆ ಇದು ಗಲಿಬಿಲಿಯೇ. ವಿಡಿಯೋ ಕಾಲ್‌ನಲ್ಲಿ ಅಜ್ಜಿ "ಎಷ್ಟು ಪರ್ಸೆಂಟ್ ಬಂತು ಪುಟ್ಟಾ?" ಎಂದರೆ ಏನು ಹೇಳೋದು?

ಆಸ್ಟ್ರೇಲಿಯಾದಲ್ಲಿ 3, 5, 7 ಮತ್ತು 9ನೇ ತರಗತಿಯ ಮಕ್ಕಳು ಮಾರ್ಚ್‌ನಲ್ಲಿ ಈ ಪರೀಕ್ಷೆ ಬರೆಯುತ್ತಾರೆ. ಓದು, ಬರವಣಿಗೆ, ಸ್ಪೆಲ್ಲಿಂಗ್, ಗ್ರಾಮರ್, ಗಣಿತ ಎಲ್ಲಕ್ಕೂ ಬೇರೆ ಬೇರೆ ಫಲಿತಾಂಶ. 2023ರಿಂದ ಮೇಲಿನಿಂದ ಕೆಳಕ್ಕೆ ನಾಲ್ಕು ಹಂತ ಮಾಡಿದ್ದಾರೆ: ಎಕ್ಸೀಡಿಂಗ್, ಸ್ಟ್ರಾಂಗ್, ಡೆವಲಪಿಂಗ್, ಕೊನೆಯದು ನೀಡ್ಸ್ ಅಡಿಷನಲ್ ಸಪೋರ್ಟ್.

ನಾನು ಪೆನ್ಸಿಲ್ ಹಿಡಿದು ಮೊದಲು ಒಂದೇ ಒಂದು ವಿಷಯದ ಚಿತ್ರ ತೋರಿಸುತ್ತೇನೆ. ಚುಕ್ಕೆ ಇದೆಯಲ್ಲ, ಅದು ನಿಮ್ಮ ಮಗು. ತ್ರಿಕೋನ ದೇಶದ ಸರಾಸರಿ. ತಿಳಿ ಬಣ್ಣದ ಭಾಗದೊಳಗೆ ದೇಶದ ನಡುವಿನ ಶೇ 60ರಷ್ಟು ಮಕ್ಕಳು ಬರುತ್ತಾರೆ. ಇಷ್ಟು ಹೇಳಿ, ಉಳಿದ ವಿಷಯಗಳನ್ನು ಅವರ ಬಾಯಲ್ಲೇ ಓದಿಸುತ್ತೇನೆ. ಒಮ್ಮೆ ತಾವೇ ಓದಿದರೆ ಅರ್ಧ ಭಯ ಅಲ್ಲೇ ಹೋಗುತ್ತದೆ.

ಅತಿ ಹೆಚ್ಚು ಬೇಜಾರು ಕಾಣುವುದು 'ಸ್ಟ್ರಾಂಗ್' ಬಂದ ಮನೆಗಳಲ್ಲಿ. ಇದನ್ನು ಸೆಕೆಂಡ್ ಕ್ಲಾಸ್ ಅಂದುಕೊಳ್ಳುತ್ತಾರೆ. ಹಾಗಲ್ಲ. ಆ ತರಗತಿಯಲ್ಲಿ ಇರಬೇಕಾದ ಮಟ್ಟವನ್ನು, ಅದೂ ಸುಲಭವಲ್ಲದ ಮಟ್ಟವನ್ನು, ಮಗು ಮುಟ್ಟಿದೆ ಅಂತ ಅರ್ಥ. ದೇಶದಲ್ಲಿ ಸುಮಾರು ಮೂರನೇ ಒಂದು ಭಾಗ ಮಕ್ಕಳು ಅಲ್ಲಿಗೆ ತಲುಪಿರುವುದಿಲ್ಲ. "ಮೂರನೇ ಕ್ಲಾಸಲ್ಲೂ ಸ್ಟ್ರಾಂಗ್, ಐದರಲ್ಲೂ ಸ್ಟ್ರಾಂಗ್, ಎರಡು ವರ್ಷ ಏನೂ ಕಲಿತೇ ಇಲ್ವಾ?" ಅಂತಲೂ ಕೇಳುತ್ತಾರೆ. ಕಲಿತಿದ್ದಾನೆ. ತರಗತಿ ಏರಿದಂತೆ ಆ ಹಂತಕ್ಕೆ ಬೇಕಾದ ಮಟ್ಟವೂ ಏರುತ್ತದೆ. ಅದೇ ಹಂತದಲ್ಲಿ ಉಳಿದಿದೆ ಅಂದರೆ ಸಾಮಾನ್ಯವಾಗಿ ಮಗು ಮುಂದೆ ಬಂದಿದೆ ಅಂತಲೇ.

ಇನ್ನು ಪಕ್ಕದ ಮನೆ ಮಗುವಿನ ಜೊತೆ "ನಿನಗೆಷ್ಟು ಸರಿ ಆಯ್ತು?" ಅಂತ ಹೋಲಿಸಿ ಪ್ರಯೋಜನ ಇಲ್ಲ. ಪರೀಕ್ಷೆ ಕಂಪ್ಯೂಟರ್‌ನಲ್ಲಿ ನಡೆಯುತ್ತದೆ, 3ನೇ ತರಗತಿಯ ಬರವಣಿಗೆ ಮಾತ್ರ ಕಾಗದದಲ್ಲಿ. ಬರವಣಿಗೆ ಬಿಟ್ಟು ಉಳಿದವುಗಳಲ್ಲಿ, ಮಗು ಚೆನ್ನಾಗಿ ಉತ್ತರಿಸಿದರೆ ಮುಂದಿನ ಪ್ರಶ್ನೆಗಳು ಕಷ್ಟ ಆಗುತ್ತವೆ, ತಡವರಿಸಿದರೆ ಸುಲಭ ಆಗುತ್ತವೆ. ಇಬ್ಬರೂ ಬರೆದದ್ದು ಒಂದೇ ಪ್ರಶ್ನೆಗಳಲ್ಲ.

ಐದನೇ ತರಗತಿಯ ಹುಡುಗನೊಬ್ಬನ ರಿಪೋರ್ಟ್ ನೆನಪಿದೆ. ಗಣಿತ ಎಕ್ಸೀಡಿಂಗ್, ಓದು ಮತ್ತು ಸ್ಪೆಲ್ಲಿಂಗ್ ಸ್ಟ್ರಾಂಗ್, ಬರವಣಿಗೆ ಮಾತ್ರ ಡೆವಲಪಿಂಗ್. ಅಪ್ಪ ಗಣಿತ ನೋಡಿ ಖುಷಿಯಾಗಿದ್ದರು. ಅಮ್ಮ ಬರವಣಿಗೆ ಸುಧಾರಿಸಲಿ ಅಂತ ದಿನಾ ಉಕ್ತಲೇಖನ ಶುರು ಮಾಡಿದ್ದರು. ನಮ್ಮೆಲ್ಲರ ಬಾಲ್ಯದ ಮದ್ದು ಅದೇ ಅಲ್ವಾ! ಆದರೆ ರಿಪೋರ್ಟ್ ಬೇರೆಯದನ್ನೇ ಹೇಳುತ್ತಿತ್ತು. ಸ್ಪೆಲ್ಲಿಂಗ್ ಅವನಿಗೆ ಚೆನ್ನಾಗಿಯೇ ಇದೆ. ನ್ಯಾಪ್ಲಾನ್ ಬರವಣಿಗೆಯನ್ನು ಹತ್ತು ಅಂಶಗಳಲ್ಲಿ ನೋಡುತ್ತಾರೆ. ಸ್ಪೆಲ್ಲಿಂಗ್ ಅದರಲ್ಲಿ ಒಂದು ಅಷ್ಟೇ. ವಿಚಾರ, ಓದುಗರ ಮೇಲೆ ಹಿಡಿತ, ಪ್ಯಾರಾಗ್ರಾಫ್, ವಾಕ್ಯಗಳ ಜೋಡಣೆ ಎಲ್ಲವೂ ಸೇರುತ್ತವೆ.

ಅವನ ಶಾಲೆಯ ನೋಟ್‌ಬುಕ್ ತರಿಸಿ ನೋಡಿದೆವು. ಕಥೆ ಇಡೀ ಪುಟ ಒಂದೇ ಪ್ಯಾರಾ, "ಆಮೇಲೆ, ಆಮೇಲೆ" ಅಂತ ಓಡುತ್ತಿತ್ತು. ಉಕ್ತಲೇಖನ ಬಿಡಿಸಿದೆ. ಬದಲಿಗೆ, ಬರೆಯುವ ಮೊದಲು ಕಥೆಯನ್ನು ಅಮ್ಮನಿಗೆ ಕನ್ನಡದಲ್ಲಿ ಹೇಳಬೇಕು, ಅಮ್ಮ ನಡುವೆ "ಯಾಕೆ?", "ಆಗ ಅವನಿಗೆ ಏನನ್ನಿಸ್ತು?" ಅಂತ ಕೇಳಬೇಕು ಅಂದೆ. ಜಾಗ ಅಥವಾ ಸಮಯ ಬದಲಾದಾಗ ಹೊಸ ಪ್ಯಾರಾ. ಕನ್ನಡ ಮಾತಾಡಿದರೆ ಇಂಗ್ಲಿಷ್ ಹಾಳಾಗುತ್ತದೆ ಅಂತ ಆ ತಾಯಿಗೆ ಅಳುಕಿತ್ತು. ಕಥೆ ಕಟ್ಟುವುದು ಯಾವ ಭಾಷೆಯಲ್ಲಿ ಬಂದರೂ ಇನ್ನೊಂದಕ್ಕೆ ಒದಗುತ್ತದೆ. ಇದನ್ನು ನಾನು ಮಕ್ಕಳಲ್ಲಿ ಕಣ್ಣಾರೆ ನೋಡುತ್ತಲೇ ಇದ್ದೇನೆ.

ಮಗುವಿನ ಹತ್ತಿರ ಮಾತಾಡುವಾಗ ಹಂತದ ಹೆಸರು ಎತ್ತಬೇಡಿ ಅನ್ನುತ್ತೇನೆ. "ನೀನು ಬರವಣಿಗೆಯಲ್ಲಿ ವೀಕ್" ಅಂದರೆ ಮಗು ಏನು ತಾನೇ ಮಾಡೀತು? "ಈ ನಾಯಿ ಕಳೆದುಹೋದ ಜಾಗ ಓದಿ ನನಗೆ ಸಂಕಟ ಆಯ್ತು. ಅದು ಸಿಕ್ಕಿದ್ದು ಹೇಗೆ ಅನ್ನೋದು ಗೊತ್ತಾಗಲಿಲ್ಲ, ಅಲ್ಲಿ ಎರಡು ಸಾಲು ಸೇರಿಸ್ತೀಯಾ?" ಅಂದರೆ ತಕ್ಷಣ ಪೆನ್ಸಿಲ್ ಎತ್ತಿಕೊಳ್ಳುತ್ತದೆ.

ಟೀಚರ್ ಜೊತೆಗಿನ ಭೇಟಿಗೆ ಸಿಗುವುದು ಸ್ವಲ್ಪವೇ ಹೊತ್ತು. ನಮ್ಮವರು ಬಹಳ ವಿನಯದಿಂದ "ಎಲ್ಲಾ ಸರಿ ಇದೆಯಾ?" ಅಂತ ಕೇಳಿ ಎದ್ದು ಬರುತ್ತಾರೆ. ಒಂದೇ ಪ್ರಶ್ನೆಯನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ: ರಿಪೋರ್ಟ್‌ನಲ್ಲಿ ಹೀಗಿದೆ, ಕ್ಲಾಸಿನಲ್ಲೂ ನಿಮಗೆ ಹೀಗೇ ಕಾಣುತ್ತಿದೆಯಾ? ಪರೀಕ್ಷೆ ನಡೆದು ತಿಂಗಳುಗಳೇ ಕಳೆದಿರುತ್ತವೆ. ಟೀಚರ್ ಮಗುವನ್ನು ದಿನಾ ನೋಡುತ್ತಿರುತ್ತಾರೆ. ಎರಡೂ ಹೊಂದದಿದ್ದರೆ ನಾನು ಟೀಚರ್ ಮಾತಿಗೇ ಜಾಸ್ತಿ ಬೆಲೆ ಕೊಡುತ್ತೇನೆ. ಮನೆಯಲ್ಲಿ ನೀವು ಕಂಡದ್ದನ್ನೂ ಅವರಿಗೆ ಹೇಳಿ. ಅದು ದೂರು ಹೇಳಿದಂತಲ್ಲ, ಅವರಿಗೆ ನಿಜಕ್ಕೂ ಬೇಕಾದ ಮಾಹಿತಿ.

ಕೊನೆಯ ಹಂತ, ಅಂದರೆ ನೀಡ್ಸ್ ಅಡಿಷನಲ್ ಸಪೋರ್ಟ್, ಬಂದಿದ್ದರೆ ಮಾತ್ರ ಕಾಯಬೇಡಿ. ಸುಮ್ನೆ ಟ್ಯೂಷನ್‌ಗೆ ಹಾಕಿ ಕೂರಬೇಡಿ. ಶಾಲೆ ಏನು ಸಹಾಯ ಕೊಡುತ್ತದೆ, ಯಾರು ಕೊಡುತ್ತಾರೆ, ಮತ್ತೆ ಯಾವಾಗ ನೋಡುತ್ತಾರೆ ಅಂತ ಇಮೇಲ್‌ನಲ್ಲಿ ಕೇಳಿ. ಇಂಗ್ಲಿಷಿನಲ್ಲಿ ಮಾತಾಡಲು ಹಿಂಜರಿಕೆ ಇದ್ದರೆ, ಇಂಟರ್‌ಪ್ರಿಟರ್ ಬೇಕು ಅಂತ ಶಾಲೆಯ ಆಫೀಸಿಗೆ ಮುಂಚೆಯೇ ತಿಳಿಸಿ.