ನೆರೆಗೆ ಮೊದಲು, ನೆರೆಯ ನಂತರ: ಗಂಡಸರ ಮನಸ್ಥಿತಿಯ ಅಂಕಿಗಳನ್ನು ವಿಶ್ಲೇಷಿಸುವ ಬಗೆ

ಕೆ.ಆರ್.ಎಸ್. ಜಲಾಶಯ 124.80 ಅಡಿಯ ಗರಿಷ್ಠ ಮಟ್ಟ ಮುಟ್ಟಿ ಹೊರಹರಿವು ಲಕ್ಷ ಕ್ಯೂಸೆಕ್ ದಾಟಿದರೆ ಶ್ರೀರಂಗಪಟ್ಟಣದ ತಗ್ಗು ಪ್ರದೇಶಗಳಿಗೆ ಕಾವೇರಿ ನುಗ್ಗುತ್ತದೆ. ಕಬಿನಿಯಿಂದ ಹೆಚ್ಚು ನೀರು ಬಿಟ್ಟಾಗ ನಂಜನಗೂಡಿನ ಕಪಿಲೆಯ ದಡಕ್ಕೂ ಅದೇ ಗತಿ. ಇಂಥ ಊರುಗಳ ಗಂಡಸರ ಮಾನಸಿಕ ಸ್ವಾಸ್ಥ್ಯವನ್ನು ಅಳೆಯಹೊರಟವರು ಸಾಮಾನ್ಯವಾಗಿ ನಂತರದ ಸರಾಸರಿಯಿಂದ ಮೊದಲಿನ ಸರಾಸರಿಯನ್ನು ಕಳೆದು, ಬಂದ ಅಂಕಿಯನ್ನೇ ನೆರೆಯ ಪರಿಣಾಮವೆಂದು ಬರೆದುಬಿಡುತ್ತಾರೆ. ಆ ವ್ಯತ್ಯಾಸದೊಳಗೆ ನೆರೆಯ ಪಾಲು ಎಷ್ಟು ಎಂಬುದನ್ನು ಬೇರ್ಪಡಿಸುವುದೇ ವಿಶ್ಲೇಷಣೆಯ ನಿಜವಾದ ಕೆಲಸ.

ಅಳತೆಗೋಲಾಗಿ ವಿಶ್ವ ಆರೋಗ್ಯ ಸಂಸ್ಥೆಯ ಐದು ಪ್ರಶ್ನೆಗಳ ಸ್ವಾಸ್ಥ್ಯ ಸೂಚ್ಯಂಕ ಸಾಕು. ಅದು ಕಳೆದ ಎರಡು ವಾರಗಳ ಬಗ್ಗೆ ಮಾತ್ರ ಕೇಳುತ್ತದೆ. ಪ್ರತಿ ಪ್ರಶ್ನೆಗೆ 0ಯಿಂದ 5 ಅಂಕ, ಒಟ್ಟು ಮೊತ್ತವನ್ನು 4ರಿಂದ ಗುಣಿಸಿದರೆ 0ಯಿಂದ 100ರ ಮಾಪನ ಸಿಗುತ್ತದೆ; ಅಂಕ ಹೆಚ್ಚಿದ್ದಷ್ಟೂ ಸ್ವಾಸ್ಥ್ಯ ಹೆಚ್ಚು. ಮೊದಲ ಸುತ್ತನ್ನು ಜೂನ್ ತಿಂಗಳಿನಲ್ಲೇ, ನದಿ ಏರುವ ಮುನ್ನ ಮುಗಿಸಬೇಕು; ಎರಡನೆಯದು ಅಕ್ಟೋಬರ್‌ನಲ್ಲಿ. ನೆರೆ ಇಳಿದ ಮೇಲೆ ‘ಮೊದಲು ಹೇಗಿದ್ರಿ’ ಎಂದು ಕೇಳಿ ಪಡೆದ ಉತ್ತರ ಮೊದಲಿನ ಅಳತೆಯಲ್ಲ. ಮನೆಗೆ ನೀರು ನುಗ್ಗಿದವನಿಗೆ ಹಿಂದಿನ ದಿನಗಳೆಲ್ಲ ಸುಖವಾಗಿಯೇ ಕಾಣುತ್ತವೆ.

ಗಂಡಸರ ವಿಷಯದಲ್ಲಿ ಇನ್ನೊಂದು ತೊಡಕಿದೆ. ಅರಳಿಕಟ್ಟೆಯ ಮೇಲೆ ನಾಲ್ಕು ಜನರ ನಡುವೆ ಕೇಳಿದರೆ ‘ನಮಗೇನಾಗೈತೆ ಸಾರ್, ಚೆನ್ನಾಗೇ ಇದೀವಿ’ ಎಂಬ ಉತ್ತರವೇ ಬರುತ್ತದೆ. ಎರಡೂ ಸುತ್ತುಗಳಲ್ಲಿ ಒಬ್ಬೊಬ್ಬರನ್ನೇ ಕೂರಿಸಿಕೊಂಡು, ಸಾಧ್ಯವಾದರೆ ಅದೇ ಸಂದರ್ಶಕರಿಂದಲೇ ಕೇಳಿಸಬೇಕು. ಸಂಕಟ ಕುಡಿತದ ರೂಪದಲ್ಲಿ ಹೊರಬರುವುದೂ ಉಂಟಾದ್ದರಿಂದ ಕುಡಿತದ ಅಭ್ಯಾಸವನ್ನು ಅಳೆಯುವ ಹತ್ತು ಪ್ರಶ್ನೆಗಳ ಆಡಿಟ್ (AUDIT) ಮಾಪನವನ್ನು ಸೇರಿಸುವವರಿದ್ದಾರೆ. ಆದರೆ ಅದರ ಹಲವು ಪ್ರಶ್ನೆಗಳು ಇಡೀ ಕಳೆದ ವರ್ಷವನ್ನು ಕುರಿತವು. ನೆರೆಯ ಎರಡು ತಿಂಗಳ ಬಳಿಕ ಅದನ್ನೇ ಕೇಳಿದರೆ ನೆರೆಗೆ ಮುಂಚಿನ ಹತ್ತು ತಿಂಗಳೂ ಉತ್ತರದಲ್ಲಿ ಸೇರಿಕೊಳ್ಳುತ್ತವೆ.

ಈಗ ಲೆಕ್ಕಕ್ಕೆ ಬರೋಣ. ಕಲಿಕೆಗಾಗಿ ಒಂದು ಕಲ್ಪಿತ ಉದಾಹರಣೆ: 64 ಗಂಡಸರ ಸರಾಸರಿ ಅಂಕ 58ರಿಂದ 52ಕ್ಕೆ ಇಳಿದಿದೆ, ಎರಡೂ ಸುತ್ತಿನಲ್ಲಿ ಮಾನಕ ವಿಚಲನೆ (ಅಂಕಗಳು ಸರಾಸರಿಯ ಸುತ್ತ ಎಷ್ಟು ಚದುರಿವೆ ಎಂಬ ಅಳತೆ) 20. ಇವರನ್ನು ಎರಡು ಬೇರೆ ಬೇರೆ ಗುಂಪುಗಳೆಂದು ಭಾವಿಸಿದರೆ ಮಾನಕ ದೋಷ (ಅಂದಾಜು ಎಷ್ಟು ಅತ್ತಿತ್ತ ಆಗಬಹುದೆಂಬ ಅಳತೆ) ಸುಮಾರು 3.5, ಟಿ-ಮೌಲ್ಯ (ವ್ಯತ್ಯಾಸವನ್ನು ಮಾನಕ ದೋಷದಿಂದ ಭಾಗಿಸಿದ ಅಂಕಿ) −1.7, ‘ಗಮನಾರ್ಹ ವ್ಯತ್ಯಾಸವಿಲ್ಲ’, ಅಂದರೆ ಇಳಿಕೆ ಬರೀ ಆಕಸ್ಮಿಕವೂ ಇರಬಹುದು, ಎಂಬ ತೀರ್ಮಾನ ಬರುತ್ತದೆ. ಆದರೆ ಎರಡು ಸಲವೂ ಉತ್ತರಿಸಿದವರು ಅದೇ 64 ಜನ. ಪ್ರತಿಯೊಬ್ಬನ ನಂತರದ ಅಂಕದಿಂದ ಅವನದೇ ಮೊದಲಿನ ಅಂಕವನ್ನು ಕಳೆದು, ಆ ವ್ಯತ್ಯಾಸಗಳ ಮಾನಕ ವಿಚಲನೆ 16 ಬಂದರೆ, ಅದನ್ನು 64ರ ವರ್ಗಮೂಲವಾದ 8ರಿಂದ ಭಾಗಿಸಿದಾಗ ಮಾನಕ ದೋಷ 2 ಮಾತ್ರ. ಟಿ-ಮೌಲ್ಯ −3, ಶೇ. 95ರ ವಿಶ್ವಾಸಾಂತರ (ನಿಜವಾದ ವ್ಯತ್ಯಾಸ ಇರಬಹುದಾದ ವ್ಯಾಪ್ತಿ) −10ರಿಂದ −2. ದತ್ತಾಂಶ ಒಂದೇ, ತೀರ್ಮಾನ ತದ್ವಿರುದ್ಧ. ಒಬ್ಬೊಬ್ಬನ ವ್ಯತ್ಯಾಸವನ್ನೇ ನೋಡುವ ಈ ಜೋಡಿ ಟಿ-ಪರೀಕ್ಷೆಯನ್ನೇ ಬಳಸಬೇಕೆನ್ನುವುದು ಇದಕ್ಕಾಗಿ. ವ್ಯತ್ಯಾಸಗಳ ಹಂಚಿಕೆ ತೀರಾ ಓರೆಯಾಗಿದ್ದು ಮಾದರಿಯೂ ಚಿಕ್ಕದಾಗಿದ್ದರೆ ವ್ಯತ್ಯಾಸಗಳ ಶ್ರೇಣಿಯನ್ನು ಆಧರಿಸಿದ ವಿಲ್ಕಾಕ್ಸನ್ ಪರೀಕ್ಷೆಯನ್ನೂ ಮಾಡಿ ನೋಡಬಹುದು.

ಇಷ್ಟಕ್ಕೇ ನಿಲ್ಲಿಸುವಂತಿಲ್ಲ. ಜೂನ್‌ನಿಂದ ಅಕ್ಟೋಬರ್‌ವರೆಗೆ ಮಂಡ್ಯದ ರೈತನ ಬದುಕಿನಲ್ಲಿ ನೆರೆಯೊಂದೇ ನಡೆಯುವುದಿಲ್ಲ: ಭತ್ತದ ನಾಟಿಯ ಖರ್ಚು, ಕಬ್ಬಿನ ಬಾಕಿ, ಸಾಲದ ಕಂತು ಎಲ್ಲವೂ ಆ ಅವಧಿಯಲ್ಲೇ ಬರಬಹುದು. ಆದ್ದರಿಂದ ಅದೇ ತಾಲ್ಲೂಕಿನಲ್ಲಿ, ಅದೇ ಬೆಳೆ ಬೆಳೆಯುವ, ಆದರೆ ಎತ್ತರದಲ್ಲಿದ್ದು ನೀರು ನುಗ್ಗದ ಊರುಗಳ ಗಂಡಸರನ್ನೂ ಅದೇ ವಾರಗಳಲ್ಲಿ ಕೇಳಬೇಕು. ಅಲ್ಲಿನ 64 ಜನರ ಅಂಕವೂ 4ರಷ್ಟು ಇಳಿದಿದ್ದರೆ ನೆರೆಗೆ ಸಲ್ಲುವುದು ಉಳಿದ 2 ಅಂಕ ಮಾತ್ರ. ಚದುರಿಕೆ ಅಲ್ಲೂ ಅಷ್ಟೇ ಇದ್ದರೆ ಈ ಹೊಸ ವ್ಯತ್ಯಾಸದ ಮಾನಕ ದೋಷ 2.8ಕ್ಕೇರಿ, ವಿಶ್ವಾಸಾಂತರ ಸೊನ್ನೆಯ ಎರಡೂ ಬದಿಗೆ ಚಾಚುತ್ತದೆ. ಮೇಲಿನ ಆಕರ್ಷಕ −3 ಇಲ್ಲಿ ಕರಗಿಹೋಗುತ್ತದೆ. ಮಾರ್ಗದರ್ಶಕರಿಗೆ ಇದು ರುಚಿಸದೆ ಇರಬಹುದು. ಆದರೂ ವರದಿಯಲ್ಲಿ ಬರೆಯಬೇಕಾದದ್ದು ಇದನ್ನೇ, ಪಿ-ಮೌಲ್ಯವೊಂದನ್ನೇ (ನಿಜವಾಗಿ ಪರಿಣಾಮವಿಲ್ಲದಿದ್ದರೂ ಇಷ್ಟು ವ್ಯತ್ಯಾಸ ಆಕಸ್ಮಿಕವಾಗಿ ಬರುವ ಸಂಭವ) ಅಲ್ಲದೆ ವಿಶ್ವಾಸಾಂತರದ ಸಮೇತ.

ಒಂದೇ ಊರಿನವರ ಉತ್ತರಗಳು ಪರಸ್ಪರ ಹೋಲುವುದರಿಂದ ಮಾದರಿಯ ಬಲವೂ ಕುಗ್ಗುತ್ತದೆ. ಊರಿಗೆ 20 ಜನರಂತೆ ಎಂಟು ಊರುಗಳಲ್ಲಿ 160 ಜನರನ್ನು ಕೇಳಿದ್ದು, ಊರೊಳಗಿನ ಸಹಸಂಬಂಧ (ಉತ್ತರಗಳ ಹೋಲಿಕೆಯ ಮಟ್ಟ) 0.05 ಇದ್ದರೆ, 1 + (20 − 1) × 0.05 = 1.95; 160ನ್ನು ಇದರಿಂದ ಭಾಗಿಸಿದರೆ, ಸರಾಸರಿಯನ್ನು ಅಂದಾಜಿಸುವಾಗ ಆ 160 ಜನ ಸುಮಾರು 82 ಸ್ವತಂತ್ರ ಉತ್ತರಗಳಿಗೆ ಸಮ. ಊರಿಗೆ ಕಡಿಮೆ ಜನರಂತೆ ಹೆಚ್ಚು ಊರುಗಳಲ್ಲಿ ಕೇಳುವುದೇ ಲೇಸು.

ಎರಡನೇ ಸುತ್ತಿನಲ್ಲಿ ಸಿಗದವರನ್ನು ಕಡತದಿಂದ ಅಳಿಸಬಾರದು. ಜಮೀನು ಕೊಚ್ಚಿಹೋಗಿ ಕೂಲಿಗೆಂದು ಬೆಂಗಳೂರಿಗೆ ಹೋದವನೇ ಹೆಚ್ಚು ಕುಸಿದವನಿರಬಹುದು. ಅವನನ್ನು ಬಿಟ್ಟರೆ ಊರು ಚೇತರಿಸಿಕೊಂಡಂತೆ ತೋರುತ್ತದೆ. ಸಿಕ್ಕವರ ಮತ್ತು ಸಿಗದವರ ಜೂನ್ ಅಂಕಗಳನ್ನು, ವಯಸ್ಸು ಮತ್ತು ಜಮೀನಿನ ವಿವರಗಳನ್ನು ಹೋಲಿಸಿ ಒಂದು ಕೋಷ್ಟಕ ಕೊಡಬೇಕು. ಸಾಧ್ಯವಿದ್ದಲ್ಲಿ ಫೋನಿನಲ್ಲಾದರೂ ಕೇಳಬೇಕು, ಮತ್ತು ಫೋನಿನ ಉತ್ತರವೆಂದು ಗುರುತಿಸಿಡಬೇಕು.

ಅಂಕ 50 ಅಥವಾ ಅದಕ್ಕಿಂತ ಕಡಿಮೆ ಬಂದವರಿಗೆ ಸಂದರ್ಶನ ಮುಗಿದ ಕೂಡಲೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ-ಮಾನಸ್‌ನ 14416 ಸಂಖ್ಯೆಯನ್ನು ಕೊಟ್ಟು, ಹಾಗೆ ಕೊಟ್ಟದ್ದನ್ನು ಒಂದು ಪ್ರತ್ಯೇಕ ಕಾಲಂನಲ್ಲಿ ದಾಖಲಿಸಬೇಕು. ಜೂನ್‌ನಲ್ಲಿ ನೆರವು ಪಡೆದವನ ಅಕ್ಟೋಬರ್ ಅಂಕ ಏರಿದ್ದರೆ, ಅದರಲ್ಲಿ ನೆರವಿನ ಪಾಲು ಇರಬಹುದು, ಅತಿ ಕಡಿಮೆ ಅಂಕಗಳು ಮರು ಅಳತೆಯಲ್ಲಿ ತಾವಾಗಿಯೇ ಸರಾಸರಿಯತ್ತ ಸರಿಯುವ ಪ್ರವೃತ್ತಿಯ ಪಾಲೂ ಇರಬಹುದು.