ಟ್ರಾವೆಲರ್ ಆಡೋದು ಹೇಗೆ? ಎರಡು ದಾಳ, ಮೂರ್ನಾಲ್ಕು ಜನ ಸಾಕು

ಬೋರ್ಡ್ ಇಲ್ಲ, ಕಾಯಿ ಇಲ್ಲ, ಗೆದ್ದೋರು ಸೋತೋರು ಅಂತಾನೂ ಇಲ್ಲ, ಮೇಜಿನ ಸುತ್ತ ಕೂತು ಮಾತಾಡ್ತಾ ಮಾತಾಡ್ತಾ ಎಲ್ಲರೂ ಸೇರಿ ಒಂದು ಕಥೆ ಕಟ್ಟೋದು, ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಅಂದ್ರೆ ಇಷ್ಟೇ ಕಣ್ರೀ. ಮುಮ್ಮಡಿ ಕೃಷ್ಣರಾಜ ಒಡೆಯರು ಅರಮನೇಲಿ ಕೂತು ಹೊಸ ಹೊಸ ಆಟ ರಚಿಸಿದ ಊರು ನಮ್ದು, ಮೈಸೂರಿನವರಿಗೆ ಹೊಸ ಆಟ ಅಂದ್ರೆ ಭಯ ಯಾಕೆ? ಸೈನ್ಸ್ ಫಿಕ್ಷನ್ ಇಷ್ಟಪಡೋರು ಟ್ರಾವೆಲರ್‌ ಅನ್ನೋ ಬಾಹ್ಯಾಕಾಶದ ಆಟದಿಂದ ಶುರು ಮಾಡಿ ಅಂತೀನಿ. ಅಮೆರಿಕದ ಮಾರ್ಕ್ ಮಿಲ್ಲರ್ 1977ರಲ್ಲಿ ತಂದಿದ್ದು, ಈಗ ಬ್ರಿಟನ್ನಿನ ಮಾಂಗೂಸ್ ಪಬ್ಲಿಷಿಂಗ್ ಹೊರತರ್ತಿದೆ, ಪಿಡಿಎಫ್ ಕೂಡ ಸಿಗುತ್ತೆ.

ಪುಸ್ತಕ ಎಲ್ಲರೂ ಓದ್ಬೇಕಾಗಿಲ್ಲ. ಆಟ ನಡೆಸೋ ರೆಫ್ರಿ ಒಬ್ರು ಓದಿದ್ರೆ ಸಾಕು, ಅವರೂ ಮೊದಲಿಗೆ ಪಾತ್ರ ರೂಪಿಸೋ ಭಾಗ, ಸ್ಕಿಲ್ (ಪಾತ್ರಕ್ಕೆ ಗೊತ್ತಿರೋ ವಿದ್ಯೆ) ಭಾಗ ಎರಡೇ ನೋಡ್ಕೊಳ್ಲಿ, ಬಾಹ್ಯಾಕಾಶದ ಹಡಗು ಕಟ್ಟೋದು ವ್ಯಾಪಾರ ಮಾಡೋದು ಎಲ್ಲಾ ಆಮೇಲೆ. ಲೂಡೋ ಡಬ್ಬೀಲಿರೋ ಥರದ್ದೇ ಎರಡು ದಾಳ, ಪೆನ್ಸಿಲ್ಲು, ರಬ್ಬರು, ಹಾಳೆ. ಕುವೆಂಪುನಗರದಲ್ಲೋ ಸರಸ್ವತಿಪುರಂನಲ್ಲೋ ಯಾರ ಮನೆ ಹಾಲ್ ಖಾಲಿ ಇದ್ಯೋ ಅಲ್ಲಿ ಕೂತ್ಕೊಳ್ಳಿ.

ಮೊದಲ ಸಂಜೆ ಪೂರ್ತಿ ಒಬ್ಬೊಬ್ಬ ಆಟಗಾರರೂ ತಮ್ಮ ತಮ್ಮ ಪಾತ್ರ ರೂಪಿಸೋಕೇ ಕೊಡಿ, ಯಾಕಂದ್ರೆ ಈ ಆಟದ ಅರ್ಧ ಸೊಗಸು ಅಲ್ಲೇ ಇದೆ. ಬಲ, ಚುರುಕು, ತಾಳಿಕೆ, ಬುದ್ಧಿ, ಓದು, ಸಮಾಜದಲ್ಲಿ ಸ್ಥಾನ, ಈ ಆರಕ್ಕೂ ದಾಳ ಹಾಕಿ. ಆಮೇಲೆ ಪಾತ್ರಕ್ಕೆ 18 ವರ್ಷ, ಅಲ್ಲಿಂದ ನಾಲ್ಕು ನಾಲ್ಕು ವರ್ಷದ ಲೆಕ್ಕದಲ್ಲಿ ಸೈನ್ಯಾನೋ ನೌಕಾಪಡೆನೋ ಯಾವ್ದಾದ್ರೂ ಕೆಲಸಕ್ಕೆ ಸೇರಿಸ್ತಾ ಹೋಗ್ಬೇಕು, ಪ್ರತಿ ಸಲಾನೂ ದಾಳ ಉರುಳತ್ತೆ, ಸ್ಕಿಲ್ ಸಿಗುತ್ತೆ, ಸ್ನೇಹಿತರು ಶತ್ರುಗಳು ಹುಟ್ಕೋತಾರೆ. 1977ರ ರೂಲ್ಸಲ್ಲಿ ಇಲ್ಲಿ ದಾಳ ಕೈಕೊಟ್ರೆ ಆಟ ಶುರುವಾಗೋ ಮುಂಚೆನೇ ಪಾತ್ರ ಸತ್ತೇ ಹೋಗ್ತಿತ್ತು, ಈಗ ಗಾಯ ಆಗುತ್ತೆ ಇಲ್ಲಾ ಕೆಲಸ ಹೋಗುತ್ತೆ. ಇಬ್ಬರು ಆಟಗಾರರು ತಮ್ಮ ಪಾತ್ರಗಳಿಗೆ ಹಳೇ ನಂಟು ಕಟ್ಟಿಕೊಂಡ್ರೆ ಇಬ್ಬರಿಗೂ ಒಂದೊಂದು ಸ್ಕಿಲ್ ಜಾಸ್ತಿ, ಇದನ್ನ ಖಂಡಿತ ಬಳಸ್ಕೊಳ್ಳಿ, ತಂಡ ತಾನಾಗೇ ಕೂಡ್ಕೊಳ್ಳುತ್ತೆ.

ಮುಖ್ಯವಾದ ರೂಲ್ ಒಂದೇ: ಎರಡು ದಾಳದ ಮೊತ್ತಕ್ಕೆ ಆ ಕೆಲಸದ ಸ್ಕಿಲ್ ಎಷ್ಟಿದ್ಯೋ ಆ ಅಂಕಿ ಸೇರಿಸಿ, 8 ಅಥವಾ ಜಾಸ್ತಿ ಬಂದ್ರೆ ಕೆಲಸ ಆಯ್ತು. ಎರಡು ದಾಳ ಬೀಳೋದು 36 ರೀತಿ, ಬರೀ ದಾಳಕ್ಕೆ ಆ 36ರಲ್ಲಿ 15 ಸಲ ಆಗುತ್ತೆ, ಸ್ಕಿಲ್ 1 ಇದ್ರೆ 21 ಸಲ, 2 ಇದ್ರೆ 26. ಸ್ಕಿಲ್ಲೇ ಗೊತ್ತಿಲ್ದೋರಿಗೆ ಮೂರು ಕಳೀಬೇಕು, ಆಗ 36ರಲ್ಲಿ ಮೂರೇ ಸಲ! ಅದಕ್ಕೇ ರೆಫ್ರಿ ಆದೋರು ಚಿಕ್ಕಪುಟ್ಟದ್ದಕ್ಕೆಲ್ಲಾ ದಾಳ ಹಾಕಿಸ್ಬಾರ್ದು.

ಈಗ ನೋಡಿ, ರೆಫ್ರಿ ಹೇಳ್ತಾರೆ: "ಹಡಗಿಂದ ಹೊರಗೆ ಹೋಗೋ ಏರ್‌ಲಾಕ್ ಕೋಣೆ ಬಾಗ್ಲು ಜಾಮ್ ಆಗಿದೆ, ಒಳಗೆ ನಿಮ್ಮೋನೊಬ್ಬ ಸಿಕ್ಕಾಕ್ಕೊಂಡಿದಾನೆ, ಏನ್ ಮಾಡ್ತೀರ?"

"ಪ್ಯಾನಲ್ ಬಿಚ್ಚಿ ವೈರ್ ನೋಡ್ತೀನಿ."

ದಾಳ 4, 2. ಮೆಕ್ಯಾನಿಕ್ ಸ್ಕಿಲ್ 1 ಸೇರಿ 7. ಒಂದು ಕಮ್ಮಿ. ಇಲ್ಲಿ "ಆಗ್ಲಿಲ್ಲ" ಅಂತ ಸುಮ್ನಾಗ್ಬೇಡಿ, "ಬಾಗ್ಲು ಒಂದು ಗೇಣು ಸರೀತು, ಆದ್ರೆ ಮೋಟಾರಿಂದ ಹೊಗೆ ಬರ್ತಿದೆ, ಮುಂದೇನು?" ಅನ್ನಿ. ಎಲ್ಲರೂ ಒಟ್ಟಿಗೆ ಮಾತಾಡೋಕೆ ಶುರು ಮಾಡ್ತಾರೆ. ಪುಸ್ತಕ ಇಂಗ್ಲಿಷಲ್ಲಿದ್ರೂ ಮೇಜಿನ ಮೇಲಿನ ಮಾತು ಕನ್ನಡದಲ್ಲೇ ಇರ್ಲಿ, ಆಗ್ಲೇ ಜನ ಸಂಕೋಚ ಬಿಟ್ಟು ಪಾತ್ರ ಆಗೋದು.

ಮೊದಲ ಕಥೆಗೆ ಒಂದು ಕಾಗದ ತಲುಪಿಸೋ ಕೆಲಸ ಕೊಡಿ. ಈ ಲೋಕದಲ್ಲಿ ನಕ್ಷತ್ರದಿಂದ ನಕ್ಷತ್ರಕ್ಕೆ ಒಂದು ಜಂಪ್‌ಗೆ ಸುಮಾರು ಒಂದು ವಾರ ಬೇಕು, ಬೆಳಕಿಗಿಂತ ಬೇಗ ಹೋಗೋ ರೇಡಿಯೋ ಇಲ್ಲ, ಸುದ್ದಿ ಏನಿದ್ರೂ ಹಡಗಲ್ಲೇ ಹೋಗ್ಬೇಕು, ಹಾಗಾಗಿ ಒಂದು ಕಾಗದಕ್ಕೂ ಜನ ಬೆನ್ನು ಹತ್ತಿ ಬರ್ತಾರೆ. ಆಟ ನಿಲ್ಲಿಸೋವಾಗ ಮುಂದೆ ಯಾವ ಗ್ರಹಕ್ಕೆ ಹೋಗ್ತೀರಾ ಅಂತ ಆಟಗಾರರನ್ನೇ ಕೇಳ್ಬಿಡಿ, ಮುಂದಿನ ಭಾನುವಾರಕ್ಕೆ ರೆಫ್ರಿ ಅದೊಂದನ್ನ ರೆಡಿ ಮಾಡ್ಕೊಂಡ್ರೆ ಆಯ್ತು.