ಆಟ್, ಆನ್, ಇನ್, ಸಿನ್ಸ್, ಫಾರ್: ಯಾವುದು ಎಲ್ಲಿ?

ದಾವಣಗೆರೆಯಲ್ಲಿ ಡಿಗ್ರಿ ಮುಗಿಸಿ ಬೆಂಗಳೂರಿನ ಕೆಲಸಕ್ಕೆ ಅರ್ಜಿ ಹಾಕುವ ಮಕ್ಕಳಿಗೆ ಇಂಗ್ಲಿಷ್ ಓದಲು ಬರುತ್ತದೆ, ಅರ್ಥವೂ ಆಗುತ್ತದೆ. ಮಾತಾಡುವಾಗ ತೊಡಕಾಗುವುದು ಸಮಯ ಹೇಳುವ ಈ ಪುಟ್ಟ ಪದಗಳಲ್ಲಿ. ಕನ್ನಡದಲ್ಲಿ ನಾವು ‘ಐದು ಗಂಟೆಗೆ’, ‘ಹತ್ತನೇ ತಾರೀಖಿಗೆ’, ‘ಮಾರ್ಚ್‌ಗೆ’ ಅಂತ ‘ಗೆ’ ಹಚ್ಚಿ ಮುಗಿಸುತ್ತೇವೆ. ಇಂಗ್ಲಿಷಿನಲ್ಲಿ ಆ ಮೂರಕ್ಕೂ ಬೇರೆ ಬೇರೆ ಪದ ಬೇಕು.

ಮೊದಲು, ನೀವು ಹೇಳುವ ಸಮಯ ಎಷ್ಟು ದೊಡ್ಡದು ಅಂತ ನೋಡಿಕೊಳ್ಳಿ. ಗಡಿಯಾರದ ಹೊತ್ತಾದರೆ ಆಟ್. ಒಂದು ದಿನ, ತಾರೀಖಾದರೆ ಆನ್. ತಿಂಗಳು, ವರ್ಷ, ಶತಮಾನವಾದರೆ ಇನ್. ಹೈದರಾಲಿ ಚಿತ್ರದುರ್ಗದ ಕೋಟೆ ಗೆದ್ದದ್ದು ಇನ್ 1779. ದಾವಣಗೆರೆ ಜಿಲ್ಲೆಯಾದದ್ದು ಇನ್ 1997. ತಾರೀಖನ್ನೂ ಹೇಳಿದಿರೋ, ಅದು ಆನ್ ಆಗಸ್ಟ್ 15, 1997. ದಿನ ಬಂದ ಕೂಡಲೇ ಇನ್ ಹೋಯಿತು, ನೋಡಿ.

ಬೆಳಗ್ಗೆ, ಸಂಜೆಗೆ ಇನ್ ದ ಮಾರ್ನಿಂಗ್, ಇನ್ ದ ಈವ್ನಿಂಗ್. ರಾತ್ರಿಗೆ ಮಾತ್ರ ಆಟ್ ನೈಟ್. ಇದಕ್ಕೆ ಕಾರಣ ಹುಡುಕುತ್ತಾ ಕೂರಬೇಡಿ, ಸುಮ್ನೆ ಬಾಯಿಪಾಠ ಮಾಡಿ. ವಾರದ ಹೆಸರು ಸೇರಿದರೆ ಮತ್ತೆ ಆನ್: ಆನ್ ಸಂಡೇ ಮಾರ್ನಿಂಗ್.

ಜಾಸ್ತಿ ಜನ ಎಡವುವುದು ಇದರ ಮುಂದೆ. ರಜಾ ಅರ್ಜಿಗಳಲ್ಲಿ ಈ ಸಾಲು ನೀವೂ ಕಂಡಿರುತ್ತೀರಿ: ‘ಐ ಆಮ್ ಸಫರಿಂಗ್ ಫ್ರಂ ಫೀವರ್ ಫ್ರಂ ಟೂ ಡೇಸ್’. ಮೊದಲ ಫ್ರಂ ಸರಿ, ಎರಡನೆಯದು ತಪ್ಪು. ನಮ್ಮಲ್ಲಿ ‘ಎರಡು ದಿನದಿಂದ ಜ್ವರ’, ‘ಸೋಮವಾರದಿಂದ ಜ್ವರ’ ಎರಡಕ್ಕೂ ‘ಇಂದ’ ನಡೆಯುತ್ತದೆ, ಅಲ್ವಾ? ಅದನ್ನೇ ಫ್ರಂ ಮಾಡಿಬಿಡುತ್ತೇವೆ. ಹಾಗಾಗಿ ಬರೆಯುವ ಮುನ್ನ ಒಂದು ಪ್ರಶ್ನೆ ಕೇಳಿಕೊಳ್ಳಿ: ನಾನು ಹೇಳುತ್ತಿರುವುದು ‘ಎಷ್ಟು ಹೊತ್ತು’ ಅಂತಲೋ, ‘ಯಾವಾಗ ಶುರುವಾಯ್ತು’ ಅಂತಲೋ? ಎಷ್ಟು ಹೊತ್ತು ಅಂತಾದರೆ ಫಾರ್: ಫಾರ್ ಟೂ ಡೇಸ್, ಫಾರ್ ಸಿಕ್ಸ್ ಮಂತ್ಸ್. ಶುರುವಾದ ಹೊತ್ತಾದರೆ ಸಿನ್ಸ್: ಸಿನ್ಸ್ ಮಂಡೇ, ಸಿನ್ಸ್ ಜೂನ್.

ಇನ್ನೂ ಮುಗಿಯದ ಸಂಗತಿಯಾದರೆ ಕ್ರಿಯಾಪದವೂ ಬದಲಾಗಬೇಕು. ಇಂಟರ್‌ವ್ಯೂನಲ್ಲಿ ‘ಐ ಆಮ್ ಲಿವಿಂಗ್ ಇನ್ ದಾವಣಗೆರೆ ಫ್ರಂ 2019’ ಅನ್ನಬೇಡಿ. ‘ಐ ಹ್ಯಾವ್ ಬೀನ್ ಲಿವಿಂಗ್ ಇನ್ ದಾವಣಗೆರೆ ಸಿನ್ಸ್ 2019’ ಅನ್ನಿ. ಈ ಒಂದು ವಾಕ್ಯವನ್ನು ನಿಮ್ಮೂರು, ನಿಮ್ಮ ಇಸವಿ ಹಾಕಿಕೊಂಡು ಗಟ್ಟಿಯಾಗಿ ಹೇಳಿ ರೂಢಿ ಮಾಡಿಕೊಳ್ಳಿ. ಸಂದರ್ಶನದಲ್ಲಿ ಇಂಥ ವಾಕ್ಯ ಬೇಕಾಗಿಯೇ ಆಗುತ್ತದೆ. ಫ್ರಂ ಬೇಕಾಗುವುದು ಶುರು, ಕೊನೆ ಎರಡನ್ನೂ ಹೇಳುವಾಗ: ಫ್ರಂ ನೈನ್ ಟು ಫೈವ್.

ಬೈ ಮತ್ತು ಅಂಟಿಲ್ ವಿಷಯದಲ್ಲಿ ಕನ್ನಡವೇ ದಾರಿ ತೋರಿಸುತ್ತದೆ. ‘ಶುಕ್ರವಾರದೊಳಗೆ ಅರ್ಜಿ ಕೊಡಿ’ ಅಂದರೆ ಬೈ ಫ್ರೈಡೇ. ‘ಶುಕ್ರವಾರದವರೆಗೆ ಊರಲ್ಲಿರುತ್ತೇನೆ’ ಅಂದರೆ ಅಂಟಿಲ್ ಫ್ರೈಡೇ.

ಇನ್ನು ಏನೂ ಹಚ್ಚಬಾರದ ಜಾಗಗಳೂ ಇವೆ. ನೆಕ್ಸ್ಟ್, ಲಾಸ್ಟ್, ದಿಸ್, ಎವ್ರಿ ಬಂದರೆ ಹಿಂದಿನ ಆನ್, ಇನ್ ಎರಡನ್ನೂ ಬಿಟ್ಟುಬಿಡಿ. ‘ಆನ್ ನೆಕ್ಸ್ಟ್ ಮಂಡೇ’ ಅಲ್ಲ, ಬರೀ ‘ನೆಕ್ಸ್ಟ್ ಮಂಡೇ’. ‘ಇನ್ ಲಾಸ್ಟ್ ಇಯರ್’ ಅಲ್ಲ, ‘ಲಾಸ್ಟ್ ಇಯರ್’. ಟುಡೇ, ಟುಮಾರೊ, ಯೆಸ್ಟರ್‌ಡೇಗೂ ಇದೇ ಲೆಕ್ಕ.